ತಲೆ ತಗ್ಗಿಸಿದ ದೀಪಗಳು

ಶಾಮಕಾಕಾ ಮನುಷ್ಯರ ಮುಖ ನೋಡುತ್ತಿದ್ದದ್ದು ಆಮೇಲೆ. ಮೊದಲು ನೋಡುತ್ತಿದ್ದದ್ದು ಅವರ ಗಾಡಿಯ ಹೆಡ್‌ಲೈಟು. ಬಿಬವೇವಾಡಿಯ ನಮ್ಮ ಸೊಸೈಟಿಗೆ ಹೊಸದಾಗಿ ಬಂದವರನ್ನು ಯಾರನ್ನೇ ಕೇಳಿ, ಕಾಕಾ ಅವರಿಗೆ ಪರಿಚಯವಾದದ್ದು ಹೀಗೆಯೇ. ಸಂಜೆ ಕಾರು ಗೇಟಿನೊಳಗೆ ತಿರುಗುತ್ತದೆ. ಪಾಯಿಜಾಮ, ಅರ್ಧ ತೋಳಿನ ಬನಿಯನ್ನು ತೊಟ್ಟ ಎತ್ತರದ ಮುದುಕರೊಬ್ಬರು ಬೆಳಕಿಗೆ ಎದುರಾಗಿ ನಿಲ್ಲುತ್ತಾರೆ. ಎರಡೂ ಅಂಗೈಗಳನ್ನು ನೆಲದ ಕಡೆಗೆ ಒತ್ತಿ ತೋರಿಸುತ್ತ, "ಲೈಟ್ ಖಾಲೀ ಘ್ಯಾ! ಖಾಲೀ!" ಎಂದು, ಕೆಳಗಿಳಿಸಿ ಎಂದು, ಮರಾಠಿಯಲ್ಲಿ ಕೂಗುತ್ತಾರೆ. ಬೆಳಕು ಇಳಿಸುವ ತನಕ ದಾರಿ ಬಿಡುತ್ತಿರಲಿಲ್ಲ. ಹಾರ್ನು ಬಾರಿಸಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಬರುತ್ತಿದ್ದರು.

ಬೆಳಗಾವಿ ಕಡೆಯ ದೇಸಾಯರು ಅವರು. ಇಡೀ ನೌಕರಿಯನ್ನು ವಿಮೆಯ ಸರ್ವೇಯರ್ ಆಗಿ ಕಳೆದವರು. ಎಲ್ಲಿ ಅಪಘಾತವಾದರೂ ಹೋಗಿ, ನುಜ್ಜುಗುಜ್ಜಾದ ಗಾಡಿಯನ್ನು ನೋಡಿ, ಹೇಗಾಯಿತು, ಯಾರ ತಪ್ಪು ಎಂದು ಬರೆದುಕೊಡುವುದು ಅವರ ಕೆಲಸ. ನಿವೃತ್ತಿಯಾದರೂ ಚಟ ಹೋಗಿರಲಿಲ್ಲ. ಪಾರ್ಕಿಂಗಿನಲ್ಲಿ ಇಬ್ಬರು ಕಾರಿನ ಗೀರಿಗಾಗಿ ಜಗಳ ತೆಗೆದರೆ, ಇವರು ನಡುವೆ ಕುಕ್ಕರಗಾಲಿನಲ್ಲಿ ಕೂತು, ಗೀರನ್ನು ಉಗುರಿನಿಂದ ಕೆರೆದು, ಎದ್ದು ತೀರ್ಪು ಕೊಡುತ್ತಿದ್ದರು. ಒಬ್ಬನು ನೋಡದೆ ತಿರುಗಿಸಿದ್ದಾನೆ, ಇನ್ನೊಬ್ಬನು ನೋಡಿಯೂ ನಿಲ್ಲಿಸಿಲ್ಲ, ಇಬ್ಬರೂ ಚಹಾ ಕುಡಿದು ಮನೆಗೆ ಹೋಗಿ ಎಂದು. ಆ ತೀರ್ಪಿನ ಮೇಲೆ ಅಪೀಲು ಇರುತ್ತಿರಲಿಲ್ಲ.

ಖಂಡೇನವಮಿಯ ದಿನ ಮಾತ್ರ ಅವರ ಕಾಟ ತಡೆಯುವುದು ಕಷ್ಟವಾಗಿತ್ತು. ಎಲ್ಲರೂ ಗಾಡಿ ತೊಳೆದು, ಹೂವಿನ ಹಾರ ಹಾಕಿ, ಹೆಡ್‌ಲೈಟಿನ ಗಾಜಿಗೆ ಅರಿಸಿನ ಕುಂಕುಮ ಬಳಿದು ಕೈಮುಗಿಯುತ್ತಿದ್ದರೆ, ಇವರು ಹಿಂದಿನಿಂದ ಒದ್ದೆ ಅರಿವೆ ಹಿಡಿದು ಬಂದು ಒರೆಸುತ್ತಿದ್ದರು. ಇಂದೂಕಾಕು, ಅವರ ಹೆಂಡತಿ, ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. "ಹಬ್ಬದ ದಿನಾ ಮಂದೀ ಕುಂಕುಮಾ ಒರಸ್ತೀರಲ್ಲ, ನಿಮಗೇನರ ಬುದ್ಧಿ ಅದ ಏನು?"

"ಬಾನೆಟ್ಟಿಗೆ ಹಚ್ಚಲಿ, ಗಾಲಿಗೆ ಹಚ್ಚಲಿ. ಕಣ್ಣಾಗ ಯಾರರ ಕುಂಕುಮಾ ಹಾಕ್ತಾರೇನು?" ಎಂದು ಕಾಕಾ ಮುಂದಿನ ಗಾಡಿಗೆ ನಡೆಯುತ್ತಿದ್ದರು.

ನಾನು ಧಾರವಾಡದವಳು, ಮದುವೆಯಾಗಿ ಈ ಮರಾಠಿ ಊರಿಗೆ ಬಂದವಳು. ಹಡಪಸರದ ಕಂಪನಿಯೊಂದರಲ್ಲಿ ಕೆಲಸ. ಭಾವನವರು ಹೊಸ ಕಾರು ಕೊಂಡಾಗ ಅವರ ಹಳೆಯದು ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ಮಳೆಯಲ್ಲೇ ನಿಂತು ನೆಂದ ಗಾಡಿ. ನಾನು ಅದನ್ನು ತಂದು ನಿಲ್ಲಿಸಿದ ಸಂಜೆಯೇ ಕಾಕಾ ಹಾಜರು.

"ವೀಣಾ, ನಿನ್ನ ಗಾಡಿ ಆಕಾಶ ನೋಡಲಿಕ್ಕತ್ತದ."

"ಚುಕ್ಕಿ ಎಣಸಲಿ ಬಿಡ್ರಿ ಕಾಕಾ, ವಯಸ್ಸಾದ ಗಾಡಿ, ಮತ್ತೇನ್ ಕೆಲಸ ಅದ ಅದಕ್ಕ?" ಎಂದೆ. ನನ್ನ ಬಾಯಿ ಯಾವಾಗಲೂ ಸ್ವಲ್ಪ ಮುಂದೆ. ಕಾಕಾ ನಗಲಿಲ್ಲ.

ಪ್ರತಿ ಹೆಡ್‌ಲೈಟಿನ ಹಿಂದೆಯೂ ಎರಡು ಸ್ಕ್ರೂ ಇರುತ್ತವೆ. ಒಂದನ್ನು ತಿರುಗಿಸಿದರೆ ದೀಪ ಮೇಲೆ ಕೆಳಗೆ ಆಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಎಡಕ್ಕೆ ಬಲಕ್ಕೆ. ನನ್ನ ಗಾಡಿಯಲ್ಲಿ ಅವು ತುಕ್ಕು ಹಿಡಿದು ಬೇರೂರಿದ್ದವು. ಭಾನುವಾರ ಬೆಳಿಗ್ಗೆ, ಕಾಕಾ ಬಂದು ಉಪದೇಶ ಮಾಡುವ ಮೊದಲೇ ಮುಗಿಸಿಬಿಡೋಣವೆಂದು ನಾನೇ ಸ್ಕ್ರೂಡ್ರೈವರ್ ಇಟ್ಟು ಮೈಯೆಲ್ಲ ಭಾರ ಹಾಕಿ ತಿರುವಿದೆ. ಸ್ಕ್ರೂ ಅಲುಗಲಿಲ್ಲ, ಅದರ ತಲೆಯ ಗೀರು ಮಾತ್ರ ಸವೆದು ಸಪಾಟಾಯಿತು. ತಲೆಯೆತ್ತಿದರೆ ಕಾಕಾ ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು.

"ಸಿಟ್ಟು ಬಂತಂದ್ರ ಸ್ಕ್ರೂಡ್ರೈವರ್ ಕೆಳಗಿಡಬೇಕವಾ. ತುಕ್ಕಿಗೆ ನಿನ್ನ ಸಿಟ್ಟು ತಿಳಿಯೂದಿಲ್ಲ. ಅದಕ್ಕ ಎಣ್ಣಿ ತಿಳೀತದ, ತಾಳ್ಮಿ ತಿಳೀತದ, ಅಷ್ಟ."

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತುಕ್ಕನ್ನು ಉಜ್ಜಿ ತೆಗೆದರು. ಎಣ್ಣೆಯನ್ನು ಹನಿ ಹನಿಯಾಗಿ ಸ್ಕ್ರೂವಿನ ಸುತ್ತುಗಳ ಸಂದಿಗೆ ಬಿಟ್ಟರು. ಅವಸರ ಮಾಡಿ ಬೆಂಕಿ ತೋರಿಸೋಣವೇ ಎಂದು ನಾನು ಕೇಳಿದ್ದಕ್ಕೆ ಗಾಬರಿಯಾದರು. ಸ್ಕ್ರೂ ಕೂತಿರುವ ಹಿಡಿಕೆ ಪ್ಲಾಸ್ಟಿಕ್ಕಿನದು, ಕರಗಿದರೆ ದೀಪ ಇನ್ನೆಂದೂ ಬಾಗುವುದಿಲ್ಲ. ಆ ದಿನ ಅಷ್ಟೇ. ಮರುದಿನ ಮತ್ತೆ ಎಣ್ಣೆ, ಅದರ ಮರುದಿನವೂ. ಬೆಳಿಗ್ಗೆ ಹಾಲು ತರಲು ಇಳಿದಾಗ ಒಂದು ಸಲ, ಸಂಜೆ ತುಳಸಿಗೆ ದೀಪ ಇಟ್ಟಾದ ಮೇಲೆ ಒಂದು ಸಲ. ಒಂದು ವಾರ ನನ್ನ ಗಾಡಿಗೆ ಬಾಣಂತಿಯ ಆರೈಕೆ ನಡೆಯಿತು.

ಕೊನೆಗೆ ಸವೆದ ತಲೆಗೆ ಸಣ್ಣ ಗರಗಸದಿಂದ ಹೊಸ ಗೀರು ಹಾಕಿ, ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ನನ್ನ ಕೈಗೆ ಕೊಟ್ಟರು.

"ಬಿಗಿ ಮಾಡು."

"ಬಿಚ್ಚಬೇಕಲ್ರಿ ಕಾಕಾ?"

"ಬಿಚ್ಚಲಿಕ್ಕೆ ಬಂದವರು ಮೊದಲ ಬಿಗಿ ಮಾಡಬೇಕು. ಒಂದು ಕೂದಲೆಳಿಯಷ್ಟ. ಹಿಡದಿದ್ದ ತುಕ್ಕು ಅಷ್ಟಕ್ಕ ಒಡೀತದ. ಆಮ್ಯಾಲ ತಿರುಗಿ ಬಾ."

ಬಿಗಿದೆ. ಒಳಗೆಲ್ಲೋ ಕಿರ್ರೆಂದಿತು. ಹಿಂದಕ್ಕೆ ತಿರುಗಿಸಿದರೆ ಸ್ಕ್ರೂ ಸಲೀಸಾಗಿ ಬಂತು. ನೆಲಮಾಳಿಗೆಯ ಪಾರ್ಕಿಂಗಿನ ಗೋಡೆಯ ಮೇಲೆ ಕಾಕಾ ಕೆಮ್ಮಣ್ಣಿನಲ್ಲಿ ಒಂದು ಅಡ್ಡಗೆರೆ ಎಳೆದಿಟ್ಟಿದ್ದರು. ನನ್ನ ಗಾಡಿಯ ಬೆಳಕು ಗೋಡೆಯ ಮೇಲಿಂದ ನಿಧಾನವಾಗಿ ಇಳಿದು ಆ ಗೆರೆಯ ಕೆಳಗೆ ನಿಂತಿತು. ಕಾಕಾ ಉಸಿರು ಬಿಟ್ಟರು. ಒಂದು ಸ್ಕ್ರೂಗೆ ಇಷ್ಟು ದೊಡ್ಡ ಉಸಿರೇ ಎಂದು ನನಗೆ ಆಗ ನಗು ಬಂದಿತ್ತು.

ಶರಣಮ್ಮನನ್ನು ನಾನು ಮೊದಲು ನೋಡಿದ್ದು ಆ ವರ್ಷದ ನಾಗರಪಂಚಮಿಗೆ. ಕಾಕು ಕರೆದಿದ್ದರೆಂದು ಅವರ ಮನೆಗೆ ಹೋಗಿದ್ದೆ. ಒಂದು ಕಾಲು ಎಳೆಯುತ್ತ, ಮುಖದ ತುಂಬ ನಗುತ್ತ, ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ತಂದಿದ್ದಳು. ಗಂಡ ನಾಗಪ್ಪ ಗೌಂಡಿ. ಮೊದಲು ಇವಳೂ ಕಟ್ಟಡಗಳಲ್ಲಿ ಬುಟ್ಟಿ ಹೊರುತ್ತಿದ್ದಳಂತೆ. ಕಾಲು ಹೋದ ಮೇಲೆ ಹಡಪಸರದಲ್ಲಿ ರೊಟ್ಟಿ ಬಡಿದು ಮಾರುತ್ತಾಳೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರಲ್ಲ, ಇವಳಿಗೆ ಈ ಮನೆಯೇ ತವರು. ಕಾಕು ಅವಳಿಗೆ ಉಡಿ ತುಂಬಿದರು, ಖಣ ಕೊಟ್ಟರು. ಕಾಕಾ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದರು.

ಹೊಸಬಳಾದ ನನಗೆ ಅವಳೇ ಕತೆ ಹೇಳಿದಳು. "ದಿವೆ ಘಾಟಿನ್ಯಾಗ ಬೈಕ್ ಮ್ಯಾಲಿಂದ ಬಿದ್ದಿದ್ದೆವ್ರಿ ಅಕ್ಕಾರ, ನಾನೂ ನನ್ನ ಗಂಡಾನೂ. ಎದುರಿಂದ ಯಾವನೋ ಮಾರಿಗಿ ಲೈಟ್ ಹೊಡದು ಹೋದ. ನಿಂದರಲಿಲ್ರಿ, ತಿರುಗಿ ನೋಡಲಿಲ್ಲ. ಅವನ ಕಣ್ಣ ಇಂಗಿ ಹೋಗ್ಲಿ! ಈ ನಮ್ಮ ಅಣ್ಣಾರು ನೋಡ್ರಿ, ಹಿಂದಿನಿಂದ ಬರ್ಲತ್ತಿದ್ರು, ಗಾಡಿ ನಿಂದರ್ಸಿ ಓಡಿ ಬಂದ್ರು. 'ಅಂಜಬ್ಯಾಡ ತಂಗಿ' ಅಂದ್ರು. ಆ ಪರಊರಾಗ, ಆ ಕತ್ತಲಾಗ, ನಮ್ಮ ಮಾತು! ಜೀವಾ ತಿರುಗಿ ಬಂತ್ರಿ ನನಗ."

ಎಲ್ಲರಿಗೂ ಉಂಡಿ ಹಂಚಿದಳು. ಕಾಕಾ ತಮ್ಮದನ್ನು ಕೈಯಲ್ಲಿ ಹಿಡಿದು, "ಸಕ್ರೀ ಕಾಯಿಲಿ ಅದ ತಂಗಿ, ಆಮ್ಯಾಲ ನೋಡ್ತೀನಿ" ಎಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಸಂಜೆ ನಾನು ಹೊರಡುವಾಗಲೂ ಅದು ಅಲ್ಲೇ ಇತ್ತು. ಕಾಕಾಗೆ ಸಕ್ಕರೆ ಕಾಯಿಲೆ ಇರಲಿಲ್ಲ. ದಿನಾ ನಮ್ಮ ಮನೆಯಲ್ಲಿ ಎರಡು ಚಮಚ ಸಕ್ಕರೆಯ ಚಹಾ ಕುಡಿಯುತ್ತಿದ್ದವರು ಅವರು.

ಮುಂದಿನ ಭಾನುವಾರ ಪಾರ್ಕಿಂಗಿನಲ್ಲಿ ಇನ್ನೊಬ್ಬರ ಗಾಡಿಗೆ ಎಣ್ಣೆ ಬಿಡುತ್ತಿದ್ದಾಗ ನಾನು ಛೇಡಿಸಿದೆ. "ಏನ್ರಿ ಕಾಕಾ, ಶರಣಮ್ಮನ ಉಂಡಿಗೆ ಸಕ್ರೀ ಕಾಯಿಲಿ, ನಮ್ಮ ಚಹಾಕ್ಕ ಇಲ್ಲ?"

ಕಾಕಾ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿ ಕೆಳಗಿಟ್ಟರು. ಆಮೇಲೆ, ಯಾರದೋ ಅಪಘಾತದ ವರದಿ ಓದುವವರಂತೆ, ಒಂದೇ ದನಿಯಲ್ಲಿ ಹೇಳಿದರು.

"ಜೇಜುರಿಗೆ ಹೋಗಿದ್ವಿ. ಬರೂ ಮುಂದ ಸಾಸವಡದಾಗ ನಿಮ್ಮ ಕಾಕುನ ಅಣ್ಣ, ವೈನಿ ಹತ್ತಿದ್ರು. ಹಿಂದಿನ ಸೀಟು ತುಂಬಿತ್ತು, ಡಿಕ್ಕಿಯೊಳಗ ಅಂಜೂರದ ಬುಟ್ಟಿ. ಹಿಂದ ಭಾರ ಆತಂದ್ರ ಗಾಡೀ ಮೂತಿ ಮ್ಯಾಲೇಳ್ತದ, ಲೈಟೂ ಮ್ಯಾಲೇಳ್ತದ. ಇಳಿಸಬೇಕಂದ್ರ ಸ್ಕ್ರೂ ತುಕ್ಕು ಹಿಡದು ಕೂತಿದ್ವು. ಮಳಿಗಾಲ ಮುಗದಾಗಿಂದ ನನಗ ಗೊತ್ತಿತ್ತು. ನಾಳೆ ಮಾಡಸೂಣು, ನಾಡದ ಮಾಡಸೂಣು. ಘಾಟಿನ ತಿರುವಿನ್ಯಾಗ ಎದುರಿಂದ ಅವರ ಗಾಡಿ ಬಂತು. ಅವಾ ಕಣ್ಣಿಗೆ ಕೈ ಅಡ್ಡ ಹಿಡದದ್ದು ಕಂಡೆ. ಆಮ್ಯಾಲ ಕನ್ನಡಿಯೊಳಗ ನೋಡಿದ್ರ ಹಿಂದ ಯಾರೂ ಇರಲಿಲ್ಲ."

"ಅಂದ್ರ ಆ ಲೈಟು..."

"ನಂದ. ಮುಂದ ಹೋಗಿ ನಿಲ್ಲಿಸಿ, ನಡಕೋತ ತಿರುಗಿ ಬಂದೆ. ಅವರ ಬೆನ್ನ ಕಡೆಯಿಂದ ಬಂದೆ. ಹಿಂದಿನಿಂದ ಬಂದವ ಅಂತ ಅವರು ತಿಳಕೊಂಡ್ರು. ನಾ ಅಲ್ಲ ಅನ್ನಲಿಲ್ಲ. ದವಾಖಾನಿಗೆ ಪೊಲೀಸರು ಬಂದ್ರು, ದಾರಿ ಮ್ಯಾಲ ಖಡೀ ಕಲ್ಲು ಬಿದ್ದಿತ್ತು, ಗಾಡಿ ಜಾರೇದ ಅಂತ ಬರಕೊಂಡ್ರು. ಖಡೀ ಇತ್ತು, ಖರೆ. ಆದರ ಕಣ್ಣ ಕಾಣಸಿದ್ರ ಅವಾ ಖಡೀ ತಪ್ಪಸತಿದ್ದ. ಜೀವಮಾನ ಎಲ್ಲಾ ಮಂದೀ ತಪ್ಪು ಬರದವ ನಾನು, ವೀಣಾ. ನಂದೊಂದು ಬರೀಲಿಲ್ಲ."

ನೀವೇ ಅಲ್ಲವೇ ಅವರನ್ನು ಎತ್ತಿಕೊಂಡು ಹೋದದ್ದು, ಉಳಿಸಿದ್ದು ಎಂದೆ. ಕಾಕುನೂ ಇದನ್ನೇ ಹೇಳಿ ಹೇಳಿ ಸೋತಿದ್ದರಂತೆ.

"ಆಕಿ ಬೈದು ಬಿಟ್ಟಿದ್ರ ಒಂದ ದಿನದಾಗ ಮುಗೀತಿತ್ತು" ಎಂದರು ಕಾಕಾ. "ಆಕಿ ಉಂಡಿ ತರ್ತಾಳ. ಒಂದ ಬಾಯಿಲೆ ಅಣ್ಣಾ ಅಂತಾಳ, ಅದ ಬಾಯಿಲೆ ಕಣ್ಣ ಇಂಗಿ ಹೋಗ್ಲಿ ಅಂತಾಳ. ಎರಡೂ ನನಗ ಅಂತ ಆಕಿಗೆ ಗೊತ್ತಿಲ್ಲ, ನನಗ ಗೊತ್ತು. ಪ್ರತಿ ಪಂಚಮಿಗೆ ಹೇಳಬೇಕಂತ ಕೂಡ್ತೀನಿ. ನನಗ ತವರು ಕೊಟ್ರಿ ಅಂತ ಆಕಿ ಸೆರಗಿನಿಂದ ಕಣ್ಣ ಒರಸ್ಕೋತಾಳ. ಬಾಯಿ ಹಿಡದ ಹೋಗ್ತದ."

ಅಂದಿನಿಂದ ಗೇಟಿನಲ್ಲಿ ಅವರು ಕೈಯೊತ್ತಿ ಕೂಗುವುದನ್ನು ಕಂಡರೆ ನನಗೆ ನಗು ಬರಲಿಲ್ಲ.

ಮುಂದೆ ಅವರ ಕಣ್ಣಿಗೆ ಕಾಚಬಿಂದು, ಅಂದರೆ ಗ್ಲಾಕೋಮಾ, ಬಂತು. ಬದಿಗಳಿಂದ ಕತ್ತಲೆ ಒಳಗೆ ಬರುತ್ತ ಬರುತ್ತ ನಡುವೆ ಒಂದು ಸಣ್ಣ ಬೆಳಕಿನ ಕಿಂಡಿಯಷ್ಟೇ ಉಳಿಯಿತು, ಅದೂ ಮುಚ್ಚಿತು. ಡಾಕ್ಟರು ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರೆ ಕಾಕಾ ನನ್ನ ಕಡೆ ತಿರುಗಿ, "ಆಕಿ ಬೈಗಳ ಸುಳ್ಳಾಗಲಿಲ್ಲ ನೋಡು" ಎಂದರು. ಅದನ್ನು ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಸಾಲ ತೀರಿದವರ ಹಾಗೆ ಹೇಳಿದರು. ಆದರೆ ತೀರಿರಲಿಲ್ಲ. ಕಣ್ಣು ಹೋದ ಮೇಲೂ ಭಾನುವಾರ ಪಾರ್ಕಿಂಗಿಗೆ ಇಳಿಯುತ್ತಿದ್ದರು, ಬೆರಳಿನಿಂದಲೇ ಸ್ಕ್ರೂ ಹುಡುಕಿ ಎಣ್ಣೆ ಬಿಡುತ್ತಿದ್ದರು, ಬೆಳಕು ಗೆರೆಯ ಕೆಳಗೆ ಬಂತೇ ಎಂದು ನನ್ನನ್ನು ಕೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಫೋನ್ ಮಾಡಿ, "ಹಡಪಸರಕ್ಕ ಹೋಗೂದದ. ಕರಕೊಂಡು ಹೋಗ್ತೀಯೇನು?" ಎಂದರು. ಇಸ್ತ್ರಿ ಮಾಡಿದ ಅಂಗಿ, ಕೋಟು ಹಾಕಿಕೊಂಡು ಕೆಳಗೆ ನಿಂತಿದ್ದರು. ದಾರಿಯಲ್ಲಿ ಒಮ್ಮೆ ತಮ್ಮಷ್ಟಕ್ಕೆ ಎಂಬಂತೆ, "ಒಂದು ಕೂದಲೆಳಿಯಷ್ಟ" ಎಂದರು.

ತಗಡಿನ ಮಾಡಿನ ಸಾಲು ಕೋಣೆಗಳ ಮುಂದೆ ಶರಣಮ್ಮ ಒಲೆ ಹೂಡಿ ಕೂತಿದ್ದಳು. ಅಣ್ಣಾರು ಬಂದರೆಂದು ಎಡಗೈಯನ್ನು ನೆಲಕ್ಕೆ ಊರಿ ಎದ್ದಳು, ಅಕ್ಕಪಕ್ಕದವರನ್ನೆಲ್ಲ ಕೂಗಿದಳು. ನಮ್ಮ ಜೀವ ಉಳಿಸಿದವರು ಇವರೇ ಎಂದು ತೋರಿಸಿದಳು. ಕುರ್ಚಿ ಕೊಟ್ಟರೂ ಕಾಕಾ ಕೂರಲಿಲ್ಲ. ಅವಳ ದನಿ ಬಂದ ದಿಕ್ಕಿಗೆ ತಿರುಗಿ ಕೈ ಜೋಡಿಸಿದರು.

"ಶರಣಮ್ಮ, ಆ ಲೈಟು ನಂದು. ನಾ ಹಿಂದಿನಿಂದ ಬಂದಿದ್ದಿಲ್ಲ. ಎದುರಿಂದ ಬಂದಿದ್ದೆ. ನಿನ್ನ ಕಾಲು ಹೋಗಿದ್ದು ನನ್ನಿಂದ."

ಶರಣಮ್ಮನ ಕೈ ತುಂಬ ಹಿಟ್ಟು. ಅವಳು ಕಾಕಾನ ಮುಖ ನೋಡಿದಳು, ಬೆಳಕಿಲ್ಲದ ಆ ಕಣ್ಣು ನೋಡಿದಳು, ಆಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿ, "ವಯಸ್ಸಾಗ್ಯಾದ್ರಿ ಅಕ್ಕಾರ, ಹೌದಿಲ್ರಿ?" ಎಂದಳು.

ನಾನು ಗೋಣು ಹಾಕಿದೆ.

ಅವಳ ತವರು ಉಳಿಯಲಿ, ಇವರ ಮಾನ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಖರೇ ಹೇಳಬೇಕೆಂದರೆ ನನಗೆ ಅಂಜಿಕೆಯಾಗಿತ್ತು. ಅವಳು ಎದೆ ಬಡಿದುಕೊಂಡು ಬಯ್ಯತೊಡಗಿದರೆ, ಅಷ್ಟು ಮಂದಿಯ ನಡುವೆ ಕುರುಡು ಮುದುಕರ ಕೈ ಹಿಡಿದು ನಾನು ನಿಲ್ಲಬೇಕಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು.

ಶರಣಮ್ಮ ನಕ್ಕಳು. ಭಾರ ಇಳಿದವಳಂತೆ ನಕ್ಕಳು, ಓಣಿಯೂ ನಕ್ಕಿತು. "ಹೋಗ್ರಿ ಅಣ್ಣಾರ! ದೇವರಂಥ ಮನಿಷ್ಯಾರು ನೀವು, ಯಾವನೋ ಮಾಡಿದ್ದು ನಿಮ್ಮ ಮೈಮ್ಯಾಲ ಯಾಕ ಹಾಕ್ಕೋತೀರಿ? ಕೂಡ್ರಿ, ಬಿಸಿ ರೊಟ್ಟಿ ಕೊಡ್ತೀನಿ." ಕಾಕಾನ ಜೋಡಿಸಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕೆಳಗಿಳಿಯಿತು.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದರು. "ಆಕಿ ನಿನ್ನ ಹತ್ರ ಏನೋ ಕೇಳಿದಳು. ಆಮ್ಯಾಲ ನಕ್ಕಳು. ನೀ ಏನಂದಿ?"

"ನಾ ಏನೂ ಅನ್ನಲಿಲ್ರಿ ಕಾಕಾ."

ಶಬ್ದಕ್ಕೆ ಶಬ್ದ ಖರೆಯೇ. ಕಾಕಾ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಗೇಟಿನಲ್ಲಿ ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಮುಂದೆ ಹೋಗಿ, ಹೆಡ್‌ಲೈಟಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದರು. "ಸಾವಕಾಶ ಹೋಗವಾ" ಎಂದರು. ನನ್ನ ಆಫೀಸಿಗೆ ತಡವಾಗಿತ್ತು, ಹೋದೆ. ಆ ವಾರವೇ ನಿದ್ದೆಯಲ್ಲಿ ತೀರಿಕೊಂಡರು.

ಮೊನ್ನೆ ಪಂಚಮಿ. ಸೂತಕದ ವರ್ಷ, ಮನೆಯಲ್ಲಿ ಹಬ್ಬವಿಲ್ಲ. ಕಾಕುನ ಜೊತೆ ಇರಲೆಂದು ನಾನು ಹೋಗಿದ್ದೆ. ಆದರೂ ಶರಣಮ್ಮ ಬಂದಳು, ಡಬ್ಬಿಯನ್ನೂ ತಂದಳು. ತವರಿಗೆ ಬರಿಗೈಯಲ್ಲಿ ಬರುತ್ತಾರೇನ್ರಿ ಎಂದಳು. ಕಾಕು ಒಳಗೆ ಚಹಾ ಇಡಲು ಹೋದರು. ಅವಳು ಗೋಡೆಯ ಮೇಲಿನ ಫೋಟೋಕ್ಕೆ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಹಳೆಯ ಕತೆ ತೆಗೆದಳು.

"ಇಂಥಾ ಜೀವಾ ಹೋಯಿತು. ಆ ಲೈಟಿನ ಭಾಡ್ಯಾ ಎಲ್ಲೋ ಆರಾಮ ಇದ್ದಾನು. ಅವನ ಕಣ್ಣ..."

"ಬ್ಯಾಡ ಶರಣಮ್ಮ" ಎಂದೆ. "ಬಯ್ಯಬ್ಯಾಡ."

"ಯಾಕ್ರಿ ಅಕ್ಕಾರ? ಅವಾ ಯಾರಂತ ನಿಮಗ ಗೊತ್ತದ ಏನು?"

"ಗೊತ್ತು. ಅವರು ಅವತ್ತು ನಿನಗ ಹೇಳಿದ್ದು ಖರೆ ಇತ್ತು."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಡಬ್ಬಿಯಿಂದ ಒಂದು ಉಂಡಿ ತೆಗೆದು ಫೋಟೋದ ಮುಂದಿಟ್ಟಳು, ಕೈ ಒರೆಸಿಕೊಂಡಳು, ನನ್ನ ಕಡೆ ತಿರುಗಿದಳು.

"ಕುರುಡು ಮನಿಷ್ಯಾ ಅಷ್ಟು ದೂರ ಬಂದು ನನ್ನ ಮುಂದ ಕೈಮುಗಿದು ನಿಂತಿದ್ರು. ನಾ ನಕ್ಕ ಬಿಟ್ಟೆ. ನಿಮ್ಮ ಮಾರಿ ನೋಡಿ ನಕ್ಕೆ." ದನಿ ಏರಿರಲಿಲ್ಲ. "ನೀವ್ಯಾಕ ಗೋಣು ಹಾಕಿದ್ರಿ, ಅಕ್ಕಾರ?"

ಒಳಗಿನಿಂದ ಕಾಕು ಚಹಾದ ತಟ್ಟೆ ಹಿಡಿದು ಬಂದು ನಮ್ಮಿಬ್ಬರನ್ನೂ ನೋಡಿದರು. "ಅಂಜಿದ್ದೆ, ಶರಣಮ್ಮ" ಎಂದೆ.